ಕುಲದ ಊಹೆಯೂ ಕೊರಳ ಅಳತೆಯೂ

ನಮ್ಮ ತರೀಕೆರೆಯಲ್ಲಿ ಸಂಜೆಯ ಹೊತ್ತು ನಾಯಿಯೊಂದನ್ನು ಹಗ್ಗದಲ್ಲಿ ಹಿಡಿದು ಕೆರೆಯ ಏರಿಯ ಕಡೆಗೆ ಹೊರಟವನಿಗೆ ದಾರಿಯಲ್ಲಿ ಎದುರಾಗುವ ಮೊದಲನೆಯ ಪ್ರಶ್ನೆ ಯಾವುದೆಂದು ಹೇಳುವುದು ಕಷ್ಟವಲ್ಲ. "ಇದು ಯಾವ ಜಾತಿ?" ಎಂದೇ ಎಲ್ಲರೂ ಕೇಳುತ್ತಾರೆ. ಅದರ ಹೆಸರೇನೆಂದು ಕೇಳುವವರು ಹತ್ತರಲ್ಲಿ ಒಬ್ಬರು. ಮಕ್ಕಳೊಡನೆ ಹೇಗಿರುತ್ತದೆ, ಕತ್ತಲಲ್ಲಿ ಹೆದರುತ್ತದೆಯೆ ಎಂದು ವಿಚಾರಿಸುವವರು ಇನ್ನೂ ವಿರಳ. ಮನುಷ್ಯರನ್ನು ಕುರಿತು ಬಾಯಿಬಿಟ್ಟು ಕೇಳಲು ಈಚೆಗೆ ಸಂಕೋಚಪಡುವ ಪ್ರಶ್ನೆಯನ್ನು ನಾಯಿಯನ್ನು ಕುರಿತು ನಾವು ಧಾರಾಳವಾಗಿ ಕೇಳುತ್ತೇವೆ. ಈ ಪ್ರಶ್ನೆಗೆ ಉತ್ತರವನ್ನು ಹುಡುಕಹೋಗಿ ನಾನು ಮಾಡಿದ ಒಂದು ತಪ್ಪೇ ಈ ಲೇಖನಕ್ಕೆ ಕಾರಣವಾದುದರಿಂದ, ಅದರ ವೃತ್ತಾಂತವನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕಾಗಿದೆ.

ಲಕ್ಕವಳ್ಳಿಯ ದಾರಿಯಲ್ಲಿ ನಮ್ಮ ಬಂಧುಗಳೊಬ್ಬರ ಅಡಕೆ ತೋಟವಿದೆ. ಹಂದಿಯ ಕಾಟಕ್ಕೆಂದು ಅಲ್ಲಿ ನಾಲ್ಕಾರು ನಾಯಿಗಳನ್ನು ಸಾಕಿರುವರು. ಅವುಗಳಲ್ಲೊಂದರ ಮರಿಯನ್ನು ಬೆತ್ತದ ಬುಟ್ಟಿಯಲ್ಲಿಟ್ಟು ನಮ್ಮ ಮನೆಗೆ ಕಳುಹಿಸಿದರು. ತಾಯಿ ಯಾವುದೆಂದು ಎಲ್ಲರಿಗೂ ಗೊತ್ತು. ತಂದೆ ಯಾವುದೆಂದು ತಾಯಿಗೆ ಮಾತ್ರ ಗೊತ್ತು. ಮೈ ಕೆಂಚು ಬಣ್ಣದ್ದಾದುದರಿಂದ ಕೆಂಚ ಎಂದು ಹೆಸರಿಟ್ಟೆವು. ಆರು ತಿಂಗಳು ತುಂಬುವ ಹೊತ್ತಿಗೆ ಅದಕ್ಕೆ ಉದ್ದವಾದ ಮೂತಿ, ಆಳವಾದ ಎದೆ, ಒಳಕ್ಕೆ ಸೇದಿದ ಹೊಟ್ಟೆ, ಅರ್ಧ ನಿಂತು ಅರ್ಧ ಮಡಿದ ಕಿವಿಗಳು ಬಂದುವು. ಊಹೆಗಳು ಆಗ ಆರಂಭವಾದುವು. ಎದುರುಮನೆಯ ಮೇಷ್ಟರು, "ರಾಯರೇ, ಇದರಲ್ಲಿ ಮುಧೋಳದ ಅಂಶ ಇದ್ದೇ ಇದೆ, ನಡು ನೋಡಿ" ಎಂದರು. ಮತ್ತೊಬ್ಬರು ಬಾಲವನ್ನು ನೋಡಿ ಆಲ್ಸೇಷಿಯನ್ ಎಂದರು. ಬಣ್ಣವನ್ನು ನೋಡಿ ಲ್ಯಾಬ್ರಡಾರ್ ಎಂದವರೂ ಇದ್ದರು. ನಾನು ಮೇಷ್ಟರ ಪಕ್ಷವನ್ನು ಸೇರಿದೆ. ಅದು ಹೆಚ್ಚು ಸತ್ಯವೆಂದಲ್ಲ, ಹೆಚ್ಚು ಗೌರವದ್ದೆಂದು. ಅಂದಿನಿಂದ ಕೇಳಿದವರಿಗೆಲ್ಲ "ಮುಧೋಳದ ಬೆರಕೆ" ಎಂದು ಹೇಳಿಕೊಂಡು, ಎರಡನೆಯ ಮಾತನ್ನು ತಗ್ಗಿದ ದನಿಯಲ್ಲಿ ನುಡಿಯುವುದನ್ನು ಅಭ್ಯಾಸಮಾಡಿಕೊಂಡೆ.

ಇಲ್ಲಿ ನಾವು ಬಳಸುವ ಮಾತುಗಳನ್ನೇ ಸ್ವಲ್ಪ ನಿಂತು ನೋಡುವುದು ಲೇಸು. ಬೆಲೆಕೊಟ್ಟು ತಂದ ನಾಯಿಯನ್ನು ಜಾತಿನಾಯಿ ಎನ್ನುತ್ತೇವೆ. ಬೀದಿಯದನ್ನು ಕಂತ್ರಿ ಎನ್ನುತ್ತೇವೆ. ಎರಡರ ನಡುವಿನದು ಬೆರಕೆ. ಇವುಗಳಲ್ಲಿ ಕಂತ್ರಿ ಎಂಬುದು ನಾಡು ಎಂಬ ಅರ್ಥದ ಇಂಗ್ಲಿಷ್ ಶಬ್ದವಾದ 'ಕಂಟ್ರಿ' ನಮ್ಮ ಬಾಯಲ್ಲಿ ಸವೆದು ಆದ ರೂಪ. ದೊರೆಗಳು ಸೀಮೆಯಿಂದ ತಂದ ನಾಯಿಗಳಿಗೂ ಇಲ್ಲಿನ ನಾಯಿಗಳಿಗೂ ಭೇದವನ್ನು ತೋರಿಸುವುದಕ್ಕಾಗಿ ಇದ್ದ ಆ ಮಾತಿಗೆ 'ಈ ನಾಡಿನದು' ಎಂಬುದರ ಹೊರತು ಬೇರೆ ಅರ್ಥವಿರಲಿಲ್ಲ. ಅದೇ ಮಾತು ಇಂದು ನಾಯಿಗೆ ಮಾತ್ರವಲ್ಲದೆ ಮನುಷ್ಯರಿಗೂ ಬೈಗುಳವಾಗಿದೆ. ಈ ನಾಡಿನದಾಗಿರುವುದೇ ಒಂದು ಕೀಳ್ತನವೆಂಬ ಭಾವನೆ ಯಾವಾಗ ನಮ್ಮ ಮನಸ್ಸನ್ನು ಹೊಕ್ಕಿತೋ ತಿಳಿಯದು. ಈ ಒಂದು ಶಬ್ದದಲ್ಲಿ ಮಾತ್ರ ಅದರ ಹೆಜ್ಜೆಗುರುತು ಸ್ಪಷ್ಟವಾಗಿ ಉಳಿದಿದೆ.

ಇನ್ನು ಜಾತಿಯ ವಿಚಾರ. ನಾಯಿ ಮನುಷ್ಯನ ಜೊತೆಗೂಡಿ ಹತ್ತು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಆಗಿದೆ. ಆದರೆ ಇಂದು ನಾವು ಹೆಸರುಗೊಂಡು ಕರೆಯುವ ಸೀಮೆಯ ತಳಿಗಳಲ್ಲಿ ಬಹುಪಾಲು ಕಳೆದ ಇನ್ನೂರು ವರ್ಷಗಳೊಳಗೆ ರೂಪುಗೊಂಡವು. ಲಂಡನ್ನಿನಲ್ಲಿ ಕೆನಲ್ ಕ್ಲಬ್ ಎಂಬ ಸಂಸ್ಥೆ ಸ್ಥಾಪಿತವಾದುದು ೧೮೭೩ರಲ್ಲಿ. ವಂಶಾವಳಿಯ ದಫ್ತರವನ್ನಿಟ್ಟು, ಇಂಥ ಕಿವಿ ಇಂಥ ಬಾಲ ಇದ್ದರೆ ಮಾತ್ರ ಇಂಥ ಕುಲವೆಂದು ಗೊತ್ತುಮಾಡಿದ ಮೇಲೆಯೇ ಶುದ್ಧ, ಅಶುದ್ಧ ಎಂಬ ಮಾತುಗಳು ನಾಯಿಯ ವಿಷಯದಲ್ಲಿ ಬಲಗೊಂಡುವು. ಹೀಗಿರುವಾಗ, ನಮ್ಮ ಬೀದಿಯ ನಾಯಿಯನ್ನು ನೋಡಿ "ಇದರಲ್ಲಿ ಯಾವ ಯಾವ ಜಾತಿ ಬೆರೆತಿದೆ?" ಎಂದು ಕೇಳುವುದು ಅನೇಕ ವೇಳೆ ಮೊಮ್ಮಗನನ್ನು ತೋರಿಸಿ, ಅಜ್ಜ ಇವನಿಗೆ ಹುಟ್ಟಿದವನೆ ಎಂದು ಕೇಳಿದಂತಾಗುತ್ತದೆ. ಈ ನಾಡಿನ ಊರನಾಯಿಗಳು ತಳಿಗಳು ಬೆರೆತು ಕೆಟ್ಟುಹೋದ ಪ್ರಾಣಿಗಳಲ್ಲ. ಅವು ತಳಿಗಳೆಂಬುವು ಹುಟ್ಟುವುದಕ್ಕೆ ಮುಂಚಿನಿಂದಲೂ ಇರುವ ಸಂತತಿ. ಪೇಟೆಗಳಲ್ಲಿ ಈಚೆಗೆ ಸೀಮೆನಾಯಿಯ ರಕ್ತ ಅಲ್ಲಲ್ಲಿ ಸೇರಿದೆ, ಅಷ್ಟೆ.

ನೋಡಿ ಊಹಿಸುವ ವಿದ್ಯೆಯಾದರೂ ನಂಬತಕ್ಕದ್ದೆ? ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವಿದ್ವಾಂಸರು ಬಹುಕಾಲ ನಾಯಿಗಳನ್ನು ಸಾಕಿ ಪರೀಕ್ಷಿಸಿ, ೧೯೬೫ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅವರು ಬಸೆಂಜಿ ಎಂಬ ಆಫ್ರಿಕದ ತಳಿಯನ್ನೂ ಕಾಕರ್ ಸ್ಪೇನಿಯಲ್ ಎಂಬ ತಳಿಯನ್ನೂ ಕೂಡಿಸಿದಾಗ ಹುಟ್ಟಿದ ಮರಿಗಳಲ್ಲಿಯೂ, ಆ ಮರಿಗಳ ಮರಿಗಳಲ್ಲಿಯೂ ತಾತಮುತ್ತಾತಂದಿರ ಚಹರೆಯೇ ಕಾಣದಂಥವು ಅನೇಕವಿದ್ದುವು. ೨೦೦೯ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಅನಾಥ ನಾಯಿಗಳನ್ನು ಸಾಕುವ ಸಂಸ್ಥೆಗಳವರು ಕಣ್ಣಿಂದ ನೋಡಿ ಹೇಳಿದ ತಳಿಯನ್ನು ರಕ್ತಪರೀಕ್ಷೆಯೊಡನೆ ಹೋಲಿಸಿದಾಗ, ಅವರ ಊಹೆ ಮುಖ್ಯ ತಳಿಯೊಡನೆ ಹೊಂದಿದುದು ನಾಲ್ಕರಲ್ಲೊಂದು ಪಾಲಿನಷ್ಟು ಮಾತ್ರ. ಅದೇ ವರ್ಷ ಗೊತ್ತಾದ ಇನ್ನೊಂದು ಸಂಗತಿಯು ಇದರ ಕಾರಣವನ್ನು ತಿಳಿಸುತ್ತದೆ: ಮೋಟುಗೂದಲೊ ನೀಳಗೂದಲೊ, ಗುಂಗುರೊ ನೆಟ್ಟಗೊ ಎಂಬ ಭೇದಗಳಲ್ಲಿ ಬಹುಪಾಲನ್ನು ನಿರ್ಣಯಿಸುವುದು ಮೂರೇ ಮೂರು ವಂಶವಾಹಿಗಳು. ಸಾವಿರಾರು ವಂಶವಾಹಿಗಳಿರುವ ದೇಹದಲ್ಲಿ ಮೂರನ್ನು ನೋಡಿ ಉಳಿದುದನ್ನೆಲ್ಲ ಬಲ್ಲೆನೆಂಬುದು, ಗ್ರಂಥದ ರಟ್ಟಿನ ಬಣ್ಣವನ್ನು ನೋಡಿ ಅದರ ವಿಷಯವನ್ನು ಹೇಳಿದಂತೆ.

ಮೈಯ ಮಾತು ಹೀಗಾದರೆ ಸ್ವಭಾವದ ಮಾತು ಇನ್ನೂ ಹಗುರವಾದುದು. ೨೦೨೨ರಲ್ಲಿ ಅಮೆರಿಕದ ಸಂಶೋಧಕರು ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಒಡೆಯರಿಂದ ಅವುಗಳ ನಡತೆಯನ್ನು ವಿಚಾರಿಸಿ, ಎರಡು ಸಾವಿರಕ್ಕೂ ಮಿಕ್ಕ ನಾಯಿಗಳ ವಂಶವಾಹಿಗಳನ್ನು ಓದಿ ನೋಡಿದರು. ಒಂದು ನಾಯಿಗೂ ಮತ್ತೊಂದಕ್ಕೂ ನಡತೆಯಲ್ಲಿರುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ನೂರಕ್ಕೆ ಸುಮಾರು ಒಂಬತ್ತು ಎಂದು ಕಂಡುಬಂದಿತು. ಒಂಬತ್ತು ಎಂಬುದು ಸೊನ್ನೆಯಲ್ಲ, ನಿಜ. ಆದರೆ ನಾವು ಬೀದಿಯಲ್ಲಿ ನಿಂತು "ಜಾತಿಗುಣ" ಎಂದು ತೀರ್ಪುಕೊಡುವಾಗ ಉಳಿದ ತೊಂಬತ್ತೊಂದನ್ನು ಯಾರ ಲೆಕ್ಕಕ್ಕೆ ಹಾಕುತ್ತೇವೆ?

ದೂರದ ಸಾಕ್ಷ್ಯವೇ ಏಕೆ? ಕುಲವೆಂಬುದು ಹೇಗೆ ಆಗುತ್ತದೆಂಬುದಕ್ಕೆ ನಮ್ಮ ನೆರೆಯ ಅಜ್ಜಂಪುರದಲ್ಲಿಯೇ ಒಳ್ಳೆಯ ದೃಷ್ಟಾಂತವಿದೆ. ಅಮೃತಮಹಲ್ ದನಗಳೆಂದರೆ ಕಡೂರು ತರೀಕೆರೆಗಳ ಕಡೆಯವರಿಗೆಲ್ಲ ಅಭಿಮಾನ. ನೀಳವಾಗಿ ಹಿಂದಕ್ಕೆ ಹೋಗಿ ಮೇಲೇಳುವ ಕೊಂಬು, ಬೂದುಮೈ, ಬಿರುಸಾದ ನಡೆ; ಇದಕ್ಕಿಂತ ಶುದ್ಧವಾದ ತಳಿಯುಂಟೆ ಎನ್ನುತ್ತೇವೆ. ಆದರೆ ಚರಿತ್ರೆಯನ್ನು ನೋಡಿದರೆ, ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿ ಎಂಬ ಹೆಸರಿನಿಂದಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ಈ ಮಂದೆಯಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಬೇರೆಬೇರೆ ದನಗಳು ಸೇರಿದ್ದುವು. ತೋಪಿನ ಬಂಡಿಯನ್ನು ಎಳೆಯಬಲ್ಲ, ಸೈನ್ಯದ ಸಾಮಾನನ್ನು ಹೊತ್ತು ದಿನಗಟ್ಟಲೆ ನಡೆಯಬಲ್ಲ ಹೋರಿಗಳನ್ನು ತಲೆತಲೆಮಾರಿನಿಂದ ಆರಿಸುತ್ತ ಬಂದು, ಬೆರಕೆಯು ಕುಲವಾಯಿತು. ಮುಧೋಳದ ಬೇಟೆನಾಯಿಯ ಕಥೆಯೂ ಬೇರೆಯಲ್ಲ. ೨೦೦೫ರಲ್ಲಿ ಭಾರತ ಸರ್ಕಾರದ ಅಂಚೆಚೀಟಿಯಲ್ಲಿ ಮುದ್ರಿತವಾಗುವಷ್ಟು ಗೌರವಕ್ಕೆ ಪಾತ್ರವಾದ ಆ ತಳಿಯ ಪೂರ್ವಿಕರು ಪಶ್ಚಿಮ ಏಷ್ಯದಿಂದ ಬಂದವರೆಂದೇ ಹೇಳುತ್ತಾರೆ. ಇಲ್ಲಿಯ ಬಿಸಿಲಿಗೂ ಇಲ್ಲಿಯ ಬಯಲಿಗೂ ಒಗ್ಗಿ ಅದು ಈ ನಾಡಿನದಾಯಿತು. ಸಾಕಷ್ಟು ಹಿಂದಕ್ಕೆ ಹೋದರೆ ಎಲ್ಲ ಶುದ್ಧವೂ ಬೆರಕೆಯೇ.

ಇಷ್ಟನ್ನೆಲ್ಲ ಈಗ ನಿರಾಯಾಸವಾಗಿ ಬರೆಯುತ್ತಿದ್ದೇನೆ. ಆದರೆ ಕೆಂಚನಿಗೆ ಒಂದು ವರ್ಷ ತುಂಬಿದಾಗ ಇದಾವುದೂ ನನಗೆ ಬೇಕಿರಲಿಲ್ಲ. ಅದು ಆಗ ಹಗ್ಗವನ್ನು ಎಳೆಯತೊಡಗಿತು. ಎಳೆಯುವುದೆಂದರೆ ಸಾಮಾನ್ಯ ಎಳೆತವಲ್ಲ: ಬೆಳ್ಳಕ್ಕಿಯನ್ನು ಕಂಡರೆ ಏರಿಯ ಕೆಳಕ್ಕೆ, ಮೇಕೆಯನ್ನು ಕಂಡರೆ ಬೇಲಿಯೊಳಕ್ಕೆ, ಏನನ್ನೂ ಕಾಣದಿದ್ದರೆ ಸುಮ್ಮನೆ ಮುಂದಕ್ಕೆ. ಒಂದು ದಿನ ನನ್ನನ್ನು ಬಸ್ಸು ಬರುವ ರಸ್ತೆಗೇ ಎಳೆದುಕೊಂಡು ಹೋಯಿತು. ಆ ದಿನವೇ ನಾನು, ಇದು ಬೇಟೆನಾಯಿಯ ರಕ್ತ, ಓಡುವುದೂ ಎಳೆಯುವುದೂ ಇದರ ಜಾತಿಗುಣ, ಮೆತ್ತನೆಯ ಪಟ್ಟಿಗೆ ಇದು ಬಗ್ಗತಕ್ಕದ್ದಲ್ಲ ಎಂದು ತೀರ್ಮಾನಿಸಿ, ಎಳೆದಷ್ಟೂ ಬಿಗಿಯುವ ಕಬ್ಬಿಣದ ಸರಪಣಿಯೊಂದನ್ನು ತಂದು ಅದರ ಕೊರಳಿಗೆ ಹಾಕಿದೆ. ನನ್ನ ಊಹೆ ನನಗೆ ಅಪ್ಪಣೆಯಾಯಿತು. ಮೊದಲು ಹೆಮ್ಮೆಗಾಗಿ ಕಟ್ಟಿಕೊಂಡ ಕುಲವನ್ನು ಈಗ ಕಾಠಿಣ್ಯಕ್ಕಾಗಿ ಬಳಸಿಕೊಂಡೆ.

ಸರಪಣಿ ಫಲಕೊಟ್ಟಿತೆಂದೇ ಹೇಳಬೇಕು. ಕೆಂಚ ಕೆಲವು ದಿನ ಎಳೆಯಲಿಲ್ಲ. ಅನಂತರ ಎಳೆಯುತ್ತಲೇ ಕೆಮ್ಮತೊಡಗಿತು, ಕೆಮ್ಮುತ್ತಲೇ ಎಳೆಯಿತು. ಹಗ್ಗವನ್ನು ಕೈಗೆ ತೆಗೆದುಕೊಂಡರೆ ಬಾಲವನ್ನಾಡಿಸುತ್ತಿದ್ದ ಪ್ರಾಣಿ ಮಂಚದ ಕೆಳಗೆ ಹೋಗಿ ಕೂರುವುದನ್ನು ಕಲಿಯಿತು. ನಾನು ಅದನ್ನೂ ಜಾತಿಯ ಲೆಕ್ಕಕ್ಕೆ ಬರೆದು, "ಬೇಟೆನಾಯಿಗಳು ಸ್ವಲ್ಪ ಪುಕ್ಕಲು ಸ್ವಭಾವದವು" ಎಂದು ಮನೆಯವರಿಗೆ ವಿವರಿಸಿದೆ. ಸಿದ್ಧಾಂತವೊಂದು ಗಟ್ಟಿಯಾಗಿ ಕೂತಮೇಲೆ ಅದಕ್ಕೆ ವಿರುದ್ಧವಾದ ಸಾಕ್ಷ್ಯವೂ ಅದಕ್ಕೇ ಅನುಕೂಲವಾಗಿ ನುಡಿಯುತ್ತದೆ.

ನನ್ನ ಕಣ್ಣನ್ನು ತೆರೆಯಿಸಿದವರು ನನ್ನ ತಾಯಿ. ಅವರು ನಾಯಿಯ ಶಾಸ್ತ್ರವನ್ನು ಬಲ್ಲವರಲ್ಲ. ಕೊಟ್ಟಿಗೆಯಲ್ಲಿ ಕರುಗಳನ್ನು ಸಾಕಿದವರು. ಒಂದು ಸಂಜೆ ಕೆಂಚ ಅವರ ಕಾಲಬಳಿ ಮಲಗಿದ್ದಾಗ ಕೊರಳ ಕೂದಲನ್ನು ಬಿಡಿಸಿ ನೋಡಿ, "ಏನೋ ಇದು, ಇಲ್ಲಿ ಚರ್ಮ ಕೆಂಪಗಾಗಿದೆಯಲ್ಲೋ! ಯಾವ ಜಾತಿ, ಯಾವ ಜಾತಿ ಅಂತ ಊರೆಲ್ಲ ಕೇಳಿಕೊಂಡು ಬಂದೆ. ಇದರ ಕತ್ತು ಎಷ್ಟಿದೆ ಅಂತ ಒಂದು ದಿನವಾದರೂ ನೋಡಿದೆಯೇನೋ? ಕರುವಿಗೆ ಕಣ್ಣಿ ಹಾಕಿದರೆ ತಿಂಗಳಿಗೊಂದು ಸಲ ಬೆರಳು ತೂರಿಸಿ ನೋಡುತ್ತಿದ್ದೆವಪ್ಪ" ಎಂದರು. ಮರುದಿನ ಪಶುವೈದ್ಯರ ಬಳಿಗೆ ಹೋದೆ. ಅವರೂ ಜಾತಿಯನ್ನು ಕೇಳಲಿಲ್ಲ. ಮೇಜಿನಿಂದ ದರ್ಜಿಯವರ ಅಳತೆಪಟ್ಟಿಯನ್ನು ತೆಗೆದು ಕೊರಳನ್ನೂ ತಲೆಯನ್ನೂ ಎದೆಯನ್ನೂ ಅಳೆದರು.

ಆ ಅಳತೆಯ ಅರ್ಥವನ್ನು ಅವರು ವಿವರಿಸಿದ ಮೇಲೆ, ಇಷ್ಟು ಸಾಮಾನ್ಯವಾದ ವಸ್ತುವಿನಲ್ಲಿ ಇಷ್ಟು ವಿಚಾರವಿದೆಯೆ ಎಂದು ಬೆರಗಾಯಿತು. ನಾಯಿಯ ಕೊರಳಿನ ಮುಂಭಾಗದಲ್ಲಿ ಉಸಿರಿನ ನಾಳ, ಅದರ ಮಗ್ಗುಲಲ್ಲಿ ಥೈರಾಯಿಡ್ ಗ್ರಂಥಿ, ಇಕ್ಕೆಲಗಳಲ್ಲಿ ತಲೆಗೂ ಹೃದಯಕ್ಕೂ ನಡುವೆ ರಕ್ತವನ್ನೊಯ್ಯುವ ದೊಡ್ಡ ನಾಳಗಳು ಇರುವುವು. ಎಳೆಯುವ ನಾಯಿಯ ಬಲವೆಲ್ಲ ಪಟ್ಟಿಯ ಅಗಲದಷ್ಟು ಜಾಗದ ಮೇಲೆ ಬೀಳುತ್ತದೆ. ಪಟ್ಟಿ ಕಿರಿದಾದಷ್ಟೂ ಒತ್ತಡ ಹೆಚ್ಚು. ಸರಪಣಿಯಾದರೆ ಒಂದು ಗೆರೆಯ ಮೇಲೆಯೇ ಎಲ್ಲ ಭಾರ. ೨೦೦೬ರಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಕೊರಳಪಟ್ಟಿಯ ಮೇಲೆ ಎಳೆಯುವ ನಾಯಿಗಳ ಕಣ್ಣಿನೊಳಗಿನ ಒತ್ತಡ ಕೂಡ ಏರುತ್ತದೆಂದೂ, ಎದೆಗೆ ಕಟ್ಟುವ ಪಟ್ಟಿಯಲ್ಲಿ ಹಾಗಾಗುವುದಿಲ್ಲವೆಂದೂ ತಿಳಿದುಬಂದಿತು. ೨೦೨೦ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ಕೃತಕವಾದ ಕೊರಳೊಂದನ್ನು ಮಾಡಿ ಅದಕ್ಕೆ ನಾನಾ ವಿಧದ ಪಟ್ಟಿಗಳನ್ನು ಹಾಕಿ ಎಳೆದು ನೋಡಿದರು. ಬಲವಾಗಿ ಎಳೆದಾಗ ಅಪಾಯವಿಲ್ಲವೆಂದು ಹೇಳಬಹುದಾದ ಪಟ್ಟಿ ಅವುಗಳಲ್ಲಿ ಒಂದೂ ಇರಲಿಲ್ಲ.

ಹಾಗಾದರೆ ಬಲವಾಗಿ ಎಳೆಯುವ ನಾಯಿಗೆ ಏನನ್ನು ಹಾಕಬೇಕು? ಹೆಸರು, ಗುರುತಿನ ಬಿಲ್ಲೆ ಇವುಗಳಿಗಾಗಿ ಕೊರಳಿಗೆ ಅಗಲವಾದ, ಮೆತ್ತನೆಯ, ಎರಡು ಬೆರಳು ಸಲೀಸಾಗಿ ತೂರುವ ಪಟ್ಟಿ ಸಾಕು. ನಮ್ಮ ತಾಯಿ ಕರುವಿನ ಕಣ್ಣಿಗೆ ಇಟ್ಟುಕೊಂಡಿದ್ದ ಲೆಕ್ಕವೇ ಇದು. ಹಗ್ಗವನ್ನು ಕಟ್ಟುವುದಕ್ಕೆ ಎದೆಪಟ್ಟಿ ಲೇಸು. ಅದರಲ್ಲಿಯೂ ಒಂದು ಸೂಕ್ಷ್ಮವಿದೆ. ಹಗ್ಗದ ಬಳೆ ಬೆನ್ನಮೇಲಿದ್ದರೆ ನಾಯಿ ಇನ್ನೂ ಸುಖವಾಗಿ ಎಳೆಯುತ್ತದೆ. ಏಕೆಂದರೆ ಎಳೆಯುವುದಕ್ಕೆ ಎದೆಯೂ ಹೆಗಲೂ ತಕ್ಕ ಸ್ಥಾನಗಳು. ಎತ್ತಿನ ನೊಗವನ್ನು ಗಂಟಲಿಗೆ ಕಟ್ಟದೆ ಹಿಣಿಲಿನ ಮುಂದೆ ಇಡುವುದೂ ಇದಕ್ಕಾಗಿಯೇ. ಅಂತರಘಟ್ಟೆಯ ಜಾತ್ರೆಗೆ ಗಾಡಿ ಹೂಡುವ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾದ್ದಿಲ್ಲ. ಬಳೆಯು ಎದೆಯ ಮುಂಭಾಗದಲ್ಲಿದ್ದರೆ, ನಾಯಿ ಮುಂದಕ್ಕೆ ನುಗ್ಗಿದಾಗ ಹಗ್ಗ ಅದರ ಮೈಯನ್ನು ಮೆಲ್ಲನೆ ನಮ್ಮ ಕಡೆಗೆ ತಿರುಗಿಸುತ್ತದೆ. ನೋವಿಲ್ಲದೆ ಎಳೆತ ವ್ಯರ್ಥವಾಗುತ್ತದೆ. ತಲೆ ಕಿರಿದಾಗಿ ಕೊರಳು ದಪ್ಪಗಿರುವ ನಾಯಿಗೆ ಮಾತ್ರ ಸಾಧಾರಣ ಪಟ್ಟಿಯಿಂದ ತಲೆಯನ್ನು ನುಸುಳಿಸಿಕೊಂಡು ಹೋಗುವ ಉಪಾಯವುಂಟು. ಅಂಥವಕ್ಕೆ, ತುಸುವೇ ಬಿಗಿದು ಒಂದು ಮಿತಿಯಲ್ಲಿ ತಾನೇ ನಿಲ್ಲುವ, ಮಾರ್ಟಿಂಗೇಲ್ ಎಂದು ಕರೆಯುವ ಪಟ್ಟಿಯುಂಟು. ಅದನ್ನೂ ಎಳೆದು ಶಿಕ್ಷಿಸುವುದಕ್ಕಾಗಿ ಬಳಸಬಾರದು.

ಇಲ್ಲಿ ವಾಚಕರೊಬ್ಬರು ಒಂದು ಆಕ್ಷೇಪವನ್ನು ಎತ್ತಬಹುದು. ಕಿರಿದಾದ ತಲೆ, ದಪ್ಪ ಕೊರಳು ಮುಧೋಳದಂಥ ಬೇಟೆನಾಯಿಗಳ ಲಕ್ಷಣವಲ್ಲವೆ? ಕುರಿಮಂದೆಗಾಗಿ ಬೆಳೆಸಿದ ತಳಿಗೂ ಬೇಟೆಗಾಗಿ ಬೆಳೆಸಿದ ತಳಿಗೂ ಭೇದವೇ ಇಲ್ಲವೆ? ಹಾಗಿರುವಲ್ಲಿ ಕುಲವನ್ನು ತಿಳಿಯುವುದು ನಿಷ್ಪ್ರಯೋಜಕವೆಂದು ಹೇಗೆ ಹೇಳಬಹುದು? ಈ ಆಕ್ಷೇಪ ನ್ಯಾಯವಾದುದು. ಭೇದವುಂಟು, ಕುಲವನ್ನು ಬಲ್ಲ ವೈದ್ಯನು ಕೆಲವು ರೋಗಗಳನ್ನು ಮುಂಚಿತವಾಗಿ ಸಂಶಯಿಸಬಲ್ಲನು. ಆದರೆ ಗಮನಿಸಿ: ಕುಲವು ನಮಗೆ ಕೊಡಬಲ್ಲುದು ಒಂದು ಪ್ರಶ್ನೆಯನ್ನು. "ಇದರ ತಲೆ ಕೊರಳಿಗಿಂತ ಕಿರಿದಾಗಿರಬಹುದೆ?" ಎಂಬ ಪ್ರಶ್ನೆಗೆ ಉತ್ತರವನ್ನು ಕೊಡತಕ್ಕದ್ದು ಅಳತೆಪಟ್ಟಿ. ಊಹೆಯು ನಮ್ಮನ್ನು ಪ್ರಾಣಿಯ ಹತ್ತಿರಕ್ಕೆ ಕರೆದೊಯ್ದು ನೋಡುವಂತೆ ಮಾಡಿದರೆ ಅದು ಜ್ಞಾನದ ಆರಂಭ. ನೋಡುವ ಕೆಲಸವನ್ನೇ ತಪ್ಪಿಸಿದರೆ ಅದು ಸೋಮಾರಿತನಕ್ಕೆ ಹಾಕಿದ ಗೌರವದ ಮುಸುಕು. ನಾನು ಮಾಡಿದ ತಪ್ಪು ಊಹಿಸಿದುದಲ್ಲ. ಊಹೆಯಾದ ಮೇಲೆ ನೋಡುವುದನ್ನು ನಿಲ್ಲಿಸಿದುದು.

ಮತ್ತೊಂದು ಆಕ್ಷೇಪವೂ ಉಂಟು. ಬಲವಾದ ನಾಯಿಯನ್ನು ಸಡಿಲವಾಗಿ ಬಿಟ್ಟರೆ ಬೀದಿಯ ಮುದುಕಿಯನ್ನು ಕೆಡವಬಹುದು, ಮಗುವನ್ನು ಹೆದರಿಸಬಹುದು, ತಾನೇ ಗಾಡಿಯ ಕೆಳಗೆ ಬೀಳಬಹುದು. ಕರುಣೆಯ ಹೆಸರಿನಲ್ಲಿ ನಿಗ್ರಹವನ್ನೇ ಬಿಡುವುದು ಧರ್ಮವೆ? ಖಂಡಿತವಾಗಿಯೂ ಅಲ್ಲ. ಕಾಡಂಚಿನ ನಮ್ಮ ಸೀಮೆಯಲ್ಲಿ ಚಿರತೆಯ ಭಯವೂ ಸೇರಿ, ಕಟ್ಟದೆ ಬಿಟ್ಟ ನಾಯಿಗೆ ಆಯುಸ್ಸು ಕಡಮೆ. ನಿಗ್ರಹ ಬೇಕು. ಅದು ಯಾರ ಹಿತಕ್ಕಾಗಿ, ಯಾವ ಅಳತೆಯಲ್ಲಿ, ಎಷ್ಟು ಕಾಲ ಎಂಬುದೇ ಪ್ರಶ್ನೆ. ೧೯೬೦ರ ಪ್ರಾಣಿಹಿಂಸೆ ತಡೆಗಟ್ಟುವ ಕಾಯಿದೆ ಕೂಡ ಪ್ರಾಣಿಯನ್ನು ಕಟ್ಟಬಾರದೆಂದು ಹೇಳುವುದಿಲ್ಲ. ಅತಿಯಾಗಿ ಮೋಟಾದ ಅಥವಾ ಅತಿಯಾಗಿ ಭಾರವಾದ ಸರಪಣಿಯಲ್ಲಿ, ಯುಕ್ತವಲ್ಲದಷ್ಟು ಹೊತ್ತು ಕಟ್ಟಿಹಾಕುವುದನ್ನು ಅಪರಾಧವೆನ್ನುತ್ತದೆ. ಹಿಮಾಲಯದ ಕುರುಬರು ತಮ್ಮ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿಯನ್ನು ಕಟ್ಟುತ್ತಾರೆ. ಅಲ್ಲಿ ಮುಳ್ಳುಗಳು ಹೊರಮುಖವಾಗಿದ್ದು, ಕೊರಳಿಗೆ ಬಾಯಿಹಾಕುವ ಚಿರತೆಯಿಂದ ನಾಯಿಯನ್ನು ಕಾಪಾಡುತ್ತವೆ. ಎಳೆಯುವ ನಾಯಿಯನ್ನು ತಡೆಯುವುದಕ್ಕೆಂದು ಪೇಟೆಯಲ್ಲಿ ಮಾರುವ ಮತ್ತೊಂದು ಮುಳ್ಳುಪಟ್ಟಿಯಲ್ಲಿ ಮುಳ್ಳುಗಳು ಒಳಮುಖವಾಗಿವೆ. ಕಬ್ಬಿಣ ಒಂದೇ. ಮನೆಯ ಮಕ್ಕಳಿಗೆ ನಾವು ಹಾಕುವ ಕಟ್ಟಳೆಗಳಲ್ಲಿಯೂ ಮುಳ್ಳು ಯಾವ ಕಡೆಗೆ ತಿರುಗಿದೆ ಎಂದು ಒಮ್ಮೊಮ್ಮೆ ಮುಟ್ಟಿ ನೋಡುವುದು ಒಳ್ಳೆಯದು.

ನಾಯಿ ಏಕೆ ಎಳೆಯುತ್ತದೆ? ಇದನ್ನು ನಾನು ಬಹಳ ತಡವಾಗಿ ಕೇಳಿಕೊಂಡೆ. ಅದರ ಸಹಜವಾದ ನಡೆ ಮನುಷ್ಯನ ನಡೆಗಿಂತ ಚುರುಕು. ಎಳೆದಾಗಲೆಲ್ಲ ನಾವು ಹಿಂದೆ ಹಿಂದೆ ಹೋಗುತ್ತೇವೆ; ಆದ್ದರಿಂದ ಎಳೆದರೆ ಮುಂದೆ ಹೋಗಬಹುದೆಂಬ ಪಾಠವನ್ನು ದಿನಕ್ಕೆರಡು ಸಲ ನಾವೇ ಕಲಿಸಿರುತ್ತೇವೆ. ಕೆಂಚನ ಜಾತಿಗುಣವೆಂದು ನಾನು ಹೇಳುತ್ತಿದ್ದುದರಲ್ಲಿ ಬಹುಪಾಲು ನನ್ನ ಶಿಷ್ಯವೃತ್ತಿಯ ಫಲ. ವೈದ್ಯರ ಸಲಹೆಯಂತೆ, ಹಗ್ಗ ಬಿಗಿದೊಡನೆ ನಿಲ್ಲುವುದನ್ನೂ ಸಡಿಲವಾದೊಡನೆ ನಡೆಯುವುದನ್ನೂ ನಾನು ಅಭ್ಯಾಸಮಾಡಬೇಕಾಯಿತು. ಮೊದಲ ವಾರ ನಮ್ಮ ಬೀದಿಯ ತುದಿಯನ್ನು ಮುಟ್ಟುವುದಕ್ಕೇ ಅರ್ಧ ಗಂಟೆ ಹಿಡಿಯುತ್ತಿತ್ತು. ಜಗಲಿಯ ಮೇಲಿದ್ದವರು, "ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದೀರಿ, ರಾಯರೇ?" ಎಂದು ನಕ್ಕರು. ಆ ವಾರದಲ್ಲಿ ನಾಯಿ ಕಲಿತುದಕ್ಕಿಂತ ನಾನು ಕಲಿತುದು ಹೆಚ್ಚು. ಕೈಯಲ್ಲಿ ಸರಪಣಿಯಿದ್ದಾಗ ನನ್ನ ಸಿಟ್ಟಿನ ಬೆಲೆಯನ್ನು ಅದರ ಕೊರಳು ತೆರುತ್ತಿತ್ತು. ಈಗ ನಾನೇ ನಿಂತು ಕಾಯಬೇಕಾಗಿತ್ತು.

ಕುಲದ ಪ್ರಶ್ನೆ ನಮ್ಮ ಹಿರಿಯರಿಗೆ ಹೊಸದಲ್ಲ. ಭಾರತದ ರಂಗಭೂಮಿಯಲ್ಲಿ ಕರ್ಣನು ಬಿಲ್ಲನ್ನು ಹಿಡಿದು ನಿಂತಾಗ ಕೃಪನು ಕೇಳಿದುದು ಅವನ ವಿದ್ಯೆಯನ್ನಲ್ಲ, ವಂಶವನ್ನು. ಆ ಒಂದು ಪ್ರಶ್ನೆಯ ನೋವು ಕುರುಕ್ಷೇತ್ರದವರೆಗೂ ಹರಿಯಿತು. ಛಾಂದೋಗ್ಯೋಪನಿಷತ್ತಿನಲ್ಲಿಯೂ ಅದೇ ಪ್ರಶ್ನೆಯುಂಟು. ಗೋತ್ರವನ್ನು ಕೇಳಿದ ಗುರುವಿಗೆ ಸತ್ಯಕಾಮನು, ತನಗೆ ಗೋತ್ರ ತಿಳಿಯದೆಂದೂ ತಾಯಿಗೂ ತಿಳಿಯದೆಂದೂ ಇದ್ದುದನ್ನು ಇದ್ದಂತೆ ಹೇಳಿದನು. ಹಾರಿದ್ರುಮತ ಗೌತಮನು ಆ ಸತ್ಯವನ್ನೇ ಕುಲಕ್ಕೆ ಪ್ರಮಾಣವಾಗಿ ತೆಗೆದುಕೊಂಡು ಅವನನ್ನು ಶಿಷ್ಯನಾಗಿ ಸ್ವೀಕರಿಸಿದನು. ಪ್ರಶ್ನೆ ಒಂದೇ; ಒಬ್ಬ ಗುರು ಉತ್ತರಕ್ಕಾಗಿ ಎದುರಿಗಿದ್ದವನ ಹಿಂದಕ್ಕೆ ನೋಡಿದನು, ಮತ್ತೊಬ್ಬನು ಎದುರಿಗಿದ್ದವನನ್ನೇ ನೋಡಿದನು. ಅದೇ ಭಾರತದ ಕೊನೆಯಲ್ಲಿ, ಸ್ವರ್ಗದ ಬಾಗಿಲಲ್ಲಿ ನಿಂತ ಧರ್ಮರಾಯನು ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಒಳಹೊಗಲು ಒಪ್ಪಲಿಲ್ಲ. ಆ ನಾಯಿ ಯಾವ ಜಾತಿಯದೆಂದು ಅವನು ವಿಚಾರಿಸಿದಂತೆ ಕಾಣುವುದಿಲ್ಲ. ಅದು ಜೊತೆಯಲ್ಲಿ ನಡೆದುಬಂದಿತ್ತೆಂಬುದೇ ಅವನಿಗೆ ಸಾಕಾಯಿತು.

ಕನ್ನಡನಾಡಿನದೇ ಆದ ಒಂದು ಸಾಕ್ಷ್ಯವನ್ನು ಹೇಳಿ ಮುಗಿಸುತ್ತೇನೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ಒಂದು ಶಾಸನ ಪ್ರಸಿದ್ಧವಾಗಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನೆಂಬ ವೀರನಿಗೆ ಮೆಚ್ಚಿನ ವಸ್ತುವನ್ನು ಬೇಡೆಂದಾಗ, ಅವನು ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಅದನ್ನು ಬೆಳತೂರಿನ ಬೆಟ್ಟದಲ್ಲಿ ಒಂದು ಮಹಾವರಾಹದ ಮೇಲೆ ಬಿಟ್ಟಾಗ, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತುವು. ಅದರ ನೆನಪಿಗಾಗಿ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿಬಿಟ್ಟರು. ರಾಜರ ಬಿರುದುಗಳನ್ನೂ ವಂಶಗಳನ್ನೂ ಧಾರಾಳವಾಗಿ ಕೆತ್ತಿರುವ ಆ ಕಲ್ಲು, ನಾಯಿಯ ವಿಷಯದಲ್ಲಿ ಅದರ ಹೆಸರನ್ನೂ ಅದು ಮಾಡಿದ ಕೆಲಸವನ್ನೂ ಉಳಿಸಿಕೊಂಡು ಬಂದಿದೆ. ಸಾವಿರ ವರ್ಷ ಬಾಳುವುದಕ್ಕೆ ಕಾಳಿಗೆ ಅಷ್ಟೇ ಸಾಕಾಯಿತು.

ಕೆಂಚನ ಕೊರಳಿನ ಕೂದಲು ಈಗ ಮತ್ತೆ ಬೆಳೆದಿದೆ. ಹಗ್ಗವನ್ನು ಕೈಗೆ ತೆಗೆದುಕೊಂಡರೆ ಮಂಚದ ಕೆಳಗೆ ಓಡುವುದನ್ನು ಬಿಡುವುದಕ್ಕೆ ಮಾತ್ರ ಅದಕ್ಕೆ ಒಂದು ಮಳೆಗಾಲವೇ ಹಿಡಿಯಿತು. ರಕ್ತವನ್ನು ಪರೀಕ್ಷಿಸುವವರಿಗೆ ಹಣ ಕಟ್ಟಿದರೆ ಅದರ ಕುಲವನ್ನು ತಿಳಿಸುತ್ತಾರಂತೆ. ಕಳುಹಿಸಬೇಕೆಂದು ಮೇಷ್ಟರು ಈಗಲೂ ಒತ್ತಾಯಪಡಿಸುತ್ತಾರೆ. ನಾನು ಇನ್ನೂ ಕಳುಹಿಸಿಲ್ಲ. ಬೆಳ್ಳಕ್ಕಿಯನ್ನು ಕಂಡು ಅದು ಕಿವಿಯನ್ನು ನಿಗುರಿಸಿದಾಗ, ಮುಧೋಳದ್ದೇ ಇರಬೇಕು ಎಂದು ನನ್ನ ಮನಸ್ಸು ಇಂದಿಗೂ ಒಳಗೊಳಗೆ ಹೇಳುವುದುಂಟು. ಆಗ ನಾನು ನಿಲ್ಲುತ್ತೇನೆ. ಅದೂ ನಿಂತು, ಹಿಂದಿರುಗಿ ನನ್ನ ಮುಖವನ್ನು ನೋಡುತ್ತದೆ. ಹಗ್ಗ ಸಡಿಲವಾಗುತ್ತದೆ, ಇಬ್ಬರೂ ಮುಂದೆ ನಡೆಯುತ್ತೇವೆ. ಯಾವ ಜಾತಿ ಎಂದು ಯಾರಾದರೂ ಕೇಳಿದರೆ, ತರೀಕೆರೆಯ ನಾಯಿ, ಹೆಸರು ಕೆಂಚ ಎಂದು ಹೇಳುತ್ತೇನೆ.